ರಕ್ತ ಮೊದಲು ಹುಟ್ಟುವುದು ಮೂಳೆಯೊಳಗಲ್ಲ

ಕೊಡಗಿನಲ್ಲಿ ನಾಟಿಕೋಳಿಯನ್ನು ಕಾವಿಗೆ ಕೂರಿಸಿದ ನಾಲ್ಕೈದನೇ ರಾತ್ರಿ, ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದು ಮರಿ ಕಟ್ಟಿದೆಯೋ ಇಲ್ಲವೋ ಎಂದು ನೋಡುವವರಿದ್ದಾರೆ. ಕಟ್ಟಿದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತಲೂ ಹರಡಿದ ಸಣ್ಣ ಕೆಂಪು ಎಳೆಗಳು ಕಾಣುತ್ತವೆ. ಆ ಎಳೆಗಳು ರಕ್ತನಾಳಗಳು. ಆದರೆ ಅವು ಮರಿಯ ಮೈಯೊಳಗಿಲ್ಲ, ಹಳದಿಯ ಮೇಲೆ ಹಾಸಿಕೊಂಡಿವೆ. ಕಾವು ಶುರುವಾಗಿ ಎರಡು ದಿನ ತುಂಬುವಷ್ಟರಲ್ಲಿ ಹೃದಯ ಬಡಿಯುತ್ತಿರುತ್ತದೆ, ರಕ್ತ ಹರಿಯುತ್ತಿರುತ್ತದೆ. ಅಷ್ಟು ಹೊತ್ತಿಗೆ ಮೂಳೆಯೇ ಇಲ್ಲ, ಇನ್ನು ಮೂಳೆಯೊಳಗೆ ರಕ್ತ ಹುಟ್ಟಿಸುವ ಅಸ್ಥಿಮಜ್ಜೆ ಎಲ್ಲಿಂದ ಬರಬೇಕು? ಮೊದಲ ರಕ್ತ ಹುಟ್ಟಿದ್ದು ಹಳದಿಯನ್ನು ಸುತ್ತಿಕೊಂಡ ಪೊರೆಯಲ್ಲಿ, ಅಂದರೆ ಹಳದಿ ಚೀಲದಲ್ಲಿ.

ಹಾಗಾದರೆ ದೊಡ್ಡ ಕೋಳಿಯ ಮೈಯಲ್ಲಿ ಹರಿಯುವ ರಕ್ತವೂ ಈ ಹಳದಿ ಚೀಲದ ಕೋಶಗಳ ಸಂತತಿಯೇ? ಬಹುಕಾಲ ಹಾಗೆಂದೇ ನಂಬಿದ್ದರು. 1975ರಲ್ಲಿ ಫ್ರಾನ್ಸಿನ ವಿಜ್ಞಾನಿ ಫ್ರಾಂಸ್ವಾಸ್ ಡೀಟರ್ಲೆನ್-ಲಿಯೆವ್ರ್ ಇದನ್ನು ನೇರವಾಗಿ ಪರೀಕ್ಷಿಸಿದರು. ಕೋಳಿಯ ಹಳದಿ ಚೀಲದ ಮೇಲೆ ಕ್ವೇಲ್ ಹಕ್ಕಿಯ ಭ್ರೂಣದ ಮೈಯನ್ನು ಕಸಿ ಮಾಡಿ ಬೆಳೆಸಿದರು. ಕ್ವೇಲ್ ಕೋಶಕೇಂದ್ರ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿಯೇ ಕಾಣುವುದರಿಂದ ಯಾವ ಕೋಶ ಯಾರದ್ದೆಂದು ಗುರುತಿಸಬಹುದು. ಕೊನೆಯವರೆಗೆ ಉಳಿದ ರಕ್ತ ಕ್ವೇಲ್‌ನದ್ದಾಗಿತ್ತು. ಅಂದರೆ ಹಳದಿ ಚೀಲದ ರಕ್ತ ತಾತ್ಕಾಲಿಕ. ಬಾಳಿಡೀ ಉಳಿಯುವ ರಕ್ತದ ಮೂಲ ಭ್ರೂಣದ ಮೈಯೊಳಗೇ ಬೇರೆ ಇದೆ.

ರಕ್ತ ಹುಟ್ಟುವ ಬಗೆಯನ್ನು ತೋರಿಸುವ ಪಠ್ಯಪುಸ್ತಕದ ಚಿತ್ರದಲ್ಲಿ ಮೇಲೊಂದು ಕಾಂಡಕೋಶ (ಹಲವು ಬಗೆಯ ಕೋಶಗಳನ್ನು ಹೆರಬಲ್ಲ ಮೂಲಕೋಶ), ಕೆಳಗೆ ಕವಲೊಡೆದು ರೋಗದೊಡನೆ ಸೆಣಸುವ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್, ಬಿ ಕೋಶ, ಟಿ ಕೋಶ ಎಂದು ಬರೆದಿರುತ್ತಾರೆ. ದೊಡ್ಡವರ ಅಸ್ಥಿಮಜ್ಜೆಗೆ ಆ ಚಿತ್ರ ಸರಿ. ಭ್ರೂಣಕ್ಕೆ ಅದು ಸರಿಯಲ್ಲ. ಭ್ರೂಣದಲ್ಲಿ ರಕ್ತ ಮೂರು ಅಲೆಗಳಲ್ಲಿ, ಬೇರೆಬೇರೆ ಜಾಗದಲ್ಲಿ ಹುಟ್ಟುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಭ್ರೂಣ ಕಾಂಡಕೋಶದಿಂದ ರೋಗನಿರೋಧಕ ಕೋಶ ಬೆಳೆಸುವವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಯಾವ ಅಲೆಯ ಕೋಶ ಸಿಕ್ಕಿತು ಎಂಬ ಪ್ರಶ್ನೆಯಿಂದಲೇ ಬರುತ್ತವೆ.

ಮನುಷ್ಯ ಭ್ರೂಣದ ಲೆಕ್ಕ ಹೀಗಿದೆ. ಗರ್ಭಕಟ್ಟಿದ ಐದಾರು ದಿನಕ್ಕೆ ಭ್ರೂಣ ಒಂದು ಟೊಳ್ಳು ಗುಂಡು. ಅದರ ಒಳಗೋಡೆಗೆ ಅಂಟಿದ ಕೋಶಗಳ ಸಣ್ಣ ಗುಂಪೇ ಮುಂದೆ ಮಗುವಾಗುವಂಥದ್ದು. ಆ ಗುಂಪನ್ನು ಹೊರತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಭ್ರೂಣ ಕಾಂಡಕೋಶ. ಇಲಿಯಲ್ಲಿ ಇದು ಸಾಧ್ಯವಾದದ್ದು 1981ರಲ್ಲಿ, ಮನುಷ್ಯರಲ್ಲಿ 1998ರಲ್ಲಿ, ಅಮೆರಿಕದ ಜೇಮ್ಸ್ ಥಾಮ್ಸನ್ ಅವರ ಪ್ರಯೋಗಾಲಯದಲ್ಲಿ. ನಮ್ಮಲ್ಲಿಯೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ಎರಡು ಮಾನವ ಕೋಶಸಾಲುಗಳನ್ನು (ತಟ್ಟೆಯಲ್ಲಿ ಬೆಳೆಯುತ್ತಲೇ ಇರುವ ಕೋಶವಂಶಗಳನ್ನು) ರೂಪಿಸಿದೆ. 2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕ ತೋರಿಸಿದ ದಾರಿಯಿಂದ ಈಗ ಚರ್ಮದ ಅಥವಾ ರಕ್ತದ ಕೋಶವನ್ನೇ ಹಿಂದಿನ ಸ್ಥಿತಿಗೆ ಮರಳಿಸಬಹುದು. ಅಂಥವಕ್ಕೆ ಐಪಿಎಸ್ ಕೋಶ ಎನ್ನುತ್ತಾರೆ. ಇಲ್ಲಿಂದ ಮುಂದಿನ ಹೆಜ್ಜೆಗಳು ಎರಡಕ್ಕೂ ಒಂದೇ.

ಮೂರನೇ ವಾರದಲ್ಲಿ ಹಳದಿ ಚೀಲದಲ್ಲಿ ಮೊದಲ ಅಲೆ. ಇದರಲ್ಲಿ ಸಿಗುವುದು ದೊಡ್ಡ ಗಾತ್ರದ ಕೆಂಪುಕಣ, ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ತಾಯಿಕೋಶ, ರೋಗಾಣು ನುಂಗುವ ಮ್ಯಾಕ್ರೋಫೇಜ್. ಟಿ ಕೋಶ, ಬಿ ಕೋಶ ಇಲ್ಲ. ಎರಡನೆಯ ಅಲೆಯೂ ಹಳದಿ ಚೀಲದ್ದೇ, ಆದರೆ ಸ್ವಲ್ಪ ಬಲಿತದ್ದು. ಅದು ಯಕೃತ್ತಿಗೆ ವಲಸೆ ಹೋಗಿ ಕೆಲಕಾಲ ಭ್ರೂಣವನ್ನು ಸಾಕುತ್ತದೆ. ಈ ತಾತ್ಕಾಲಿಕ ಅಲೆಗಳೂ ಪೂರ್ತಿ ಅಳಿಸಿಹೋಗುವುದಿಲ್ಲ. ಮಿದುಳಿನ ಕಾವಲುಕೋಶಗಳಾದ ಮೈಕ್ರೋಗ್ಲಿಯಾ ಹಳದಿ ಚೀಲದಿಂದ ಹೋದ ಮ್ಯಾಕ್ರೋಫೇಜ್‌ಗಳ ಸಂತತಿ. ಅವು ಅಲ್ಲಿಯೇ ತಮ್ಮನ್ನು ತಾವು ನವೀಕರಿಸಿಕೊಳ್ಳುತ್ತ ಮುಪ್ಪಿನವರೆಗೂ ಇರುತ್ತವೆ.

ಮೂರನೆಯದೇ ಮುಖ್ಯವಾದದ್ದು. ಸುಮಾರು 27ನೇ ದಿನದಿಂದ ಭ್ರೂಣದ ಮಹಾಧಮನಿಯ ತಳಗೋಡೆಯಲ್ಲಿ ಕೋಶಗಳ ಸಣ್ಣ ಗೊಂಚಲುಗಳು ಕಾಣಿಸಿಕೊಳ್ಳುತ್ತವೆ. ರಕ್ತನಾಳದ ಒಳಹಾಸಾಗಿ ಚಪ್ಪಟೆಯಾಗಿ ಮಲಗಿದ್ದ ಕೋಶವೊಂದು ಅಕ್ಕಪಕ್ಕದವುಗಳ ಹಿಡಿತ ಬಿಡಿಸಿಕೊಂಡು, ಬಾಗಿ, ದುಂಡಗಾಗಿ ಕಳಚಿಕೊಳ್ಳುತ್ತದೆ. ಕಳಚಿದ ಮೇಲೆ ಅದು ರಕ್ತದ ಕಾಂಡಕೋಶ. 2010ರಲ್ಲಿ ಜೀಬ್ರಾಮೀನಿನ ಪಾರದರ್ಶಕ ಮರಿಯಲ್ಲಿ ಈ ಘಟನೆಯನ್ನು ಜೀವಂತವಾಗಿ ಚಿತ್ರೀಕರಿಸಿದರು. ಇದನ್ನು ನಡೆಸುವ ಮುಖ್ಯ ಜೀನ್ ರನ್‌ಎಕ್ಸ್1. ಅದಿಲ್ಲದ ಇಲಿಯಲ್ಲಿ ಗೊಂಚಲು ಕಟ್ಟುವುದೇ ಇಲ್ಲ, ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಹೀಗೆ ಹುಟ್ಟುವ ಕಾಂಡಕೋಶಗಳ ಸಂಖ್ಯೆ ನಂಬಲಾರದಷ್ಟು ಕಡಿಮೆ. 11 ದಿನದ ಇಲಿ ಭ್ರೂಣದ ಆ ಭಾಗವನ್ನು ಕಸಿ ಮಾಡಿ ಅಳೆದರೆ ಒಂದೋ ಎರಡೋ ಸಿಕ್ಕಾವು. ಅವು ಯಕೃತ್ತಿಗೆ ಹೋಗಿ ಅಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಮನುಷ್ಯರಲ್ಲಿ ಹತ್ತು-ಹನ್ನೊಂದನೇ ವಾರದ ಹೊತ್ತಿಗೆ ಮೂಳೆಯೊಳಗೆ ನೆಲೆಯಾಗಲು ತೊಡಗುತ್ತವೆ. ಮುಂದೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಹೆರುವ ವಂಶದ ಮೂಲಪುರುಷರು ಇವೇ.

ತಟ್ಟೆಯ ಮಾತಿಗೆ ಬರೋಣ. ಮೊದಲ ಕೆಲಸ ಕಾಂಡಕೋಶವನ್ನು ಕಾಂಡಕೋಶವಾಗಿಯೇ ಉಳಿಸಿಕೊಳ್ಳುವುದು. ಕೋಶ ಅಂಟಿಕೊಳ್ಳಲು ವಿಟ್ರೋನೆಕ್ಟಿನ್ ಅಥವಾ ಮ್ಯಾಟ್ರಿಜೆಲ್ ಬಳಿದ ತಟ್ಟೆ, ಎಫ್‌ಜಿಎಫ್2 ಎಂಬ ಬೆಳವಣಿಗೆಯ ಪ್ರೋಟೀನು ಇರುವ ಇ8 ಅಥವಾ ಎಂಟೀಸರ್ ಮಾಧ್ಯಮ (ಪೋಷಕ ದ್ರವ), 37 ಡಿಗ್ರಿ ಸೆಲ್ಸಿಯಸ್. ನಾಲ್ಕೈದು ದಿನಕ್ಕೊಮ್ಮೆ 0.5 ಮಿಲಿಮೋಲಾರ್ ಇಡಿಟಿಎ ಹಾಕಿ ಕಾಲೊನಿಗಳನ್ನು (ಕೋಶಗಳ ಗುಂಪುಗಳನ್ನು) ಚಿಕ್ಕ ತುಣುಕುಗಳಾಗಿ ಬಿಡಿಸಿ ಹೊಸ ತಟ್ಟೆಗೆ ವರ್ಗಾಯಿಸಬೇಕು. ಬಿಡಿಬಿಡಿ ಕೋಶಗಳಾಗಿ ಒಡೆದರೆ ಮಾನವ ಭ್ರೂಣ ಕಾಂಡಕೋಶ ತಾನಾಗಿಯೇ ಸಾಯುತ್ತದೆ. ಹಾಗೆ ಒಡೆಯಲೇಬೇಕಾದಾಗ 10 ಮೈಕ್ರೋಮೋಲಾರ್ ವೈ-27632 ಎಂಬ, ಆ ಸಾವನ್ನು ತಡೆಯುವ ರಾಕ್ ಪ್ರತಿಬಂಧಕವನ್ನು ಒಂದು ದಿನ ಸೇರಿಸುತ್ತಾರೆ. ಶುರುಮಾಡುವ ಮುನ್ನ ಕಾಂಡಕೋಶವೆಂದು ತೋರಿಸುವ ಓಸಿಟಿ4, ನ್ಯಾನಾಗ್ ಗುರುತುಗಳು ಬಹುಪಾಲು ಎಲ್ಲ ಕೋಶಗಳಲ್ಲೂ ಇವೆಯೇ ಎಂದು ನೋಡಬೇಕು. ಅಂಚಿನಲ್ಲಿ ಆಗಲೇ ಚಪ್ಪಟೆಯಾಗಿ ಹರಡಿಕೊಂಡ ಕೋಶಗಳಿರುವ ಕಾಲೊನಿಯನ್ನು ಕೆರೆದು ತೆಗೆಯದೆ ಮುಂದುವರಿದರೆ ಎರಡು ವಾರದ ಮೇಲೆ ರಕ್ತದ ಬದಲು ನಾರುಕೋಶಗಳ ಹಾಸು ಸಿಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಕೇಡಿದೆ. ಬಹಳ ತಿಂಗಳು ಬೆಳೆಸಿದ ಸಾಲುಗಳಲ್ಲಿ 20ನೇ ಕ್ರೋಮೊಸೋಮಿನ 20ಕ್ಯೂ11.21 ಎಂಬ ತುಣುಕು ಇಮ್ಮಡಿಯಾಗುವುದು, 12 ಅಥವಾ 17ನೇ ಕ್ರೋಮೊಸೋಮ್ ಒಂದು ಹೆಚ್ಚಾಗುವುದು ಪದೇಪದೇ ಕಂಡಿದೆ. ಆ ತುಣುಕಿನಲ್ಲಿ ಕೋಶವನ್ನು ಸಾವಿನಿಂದ ಕಾಪಾಡುವ ಬಿಸಿಎಲ್2ಎಲ್1 ಜೀನ್ ಇದೆ, ಆದ್ದರಿಂದ ಕೆಟ್ಟ ಕೋಶವೇ ಒಳ್ಳೆಯದನ್ನು ಹಿಂದಿಕ್ಕಿ ತಟ್ಟೆ ತುಂಬುತ್ತದೆ. ಕೋಶ ಇದ್ದಕ್ಕಿದ್ದಂತೆ ಸೊಂಪಾಗಿ ಬೆಳೆಯತೊಡಗಿದರೆ ಖುಷಿಪಡುವ ಬದಲು ಕ್ರೋಮೊಸೋಮ್ ಪರೀಕ್ಷೆಗೆ ಕಳಿಸುವುದು ಸರಿ.

ಮುಂದಿನದು ಕೋಶವನ್ನು ನಡುಪದರದತ್ತ, ಅಂದರೆ ಮೆಸೋಡರ್ಮ್‌ನತ್ತ ತಿರುಗಿಸುವುದು. ರಕ್ತ, ಹೃದಯ, ಸ್ನಾಯು, ಮೂಳೆ ಎಲ್ಲ ಹುಟ್ಟುವುದು ಅಲ್ಲಿಂದ. ಇದಕ್ಕೆ ಬಿಎಂಪಿ4 ಎಂಬ ಸಂಕೇತ ಪ್ರೋಟೀನು ಬೇಕೇಬೇಕು. ಜೊತೆಗೆ ಎಫ್‌ಜಿಎಫ್2, ಆಕ್ಟಿವಿನ್. ಇಲ್ಲಿ ಪ್ರಮಾಣಕ್ಕಿಂತ ಹೊತ್ತು ದೊಡ್ಡದು. ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೂಮಳೆ ಬರಬೇಕಾದ ಹೊತ್ತಿಗೆ ಒಂದು ಇಂಚು ಬಂದರೆ ಫಸಲು, ಮೊಗ್ಗು ಬಲಿಯುವ ಮುಂಚೆ ಅಥವಾ ಕಾಲ ಮೀರಿದ ಮೇಲೆ ಎಷ್ಟು ಸುರಿದರೂ ಆ ಫಸಲಿಲ್ಲ. ತಟ್ಟೆಯಲ್ಲಿ ಆ ಹೊತ್ತು ಬರುವುದು ಎರಡನೇ ದಿನ. ಸುಮಾರು 42ನೇ ಗಂಟೆಗೆ ಮಾಧ್ಯಮಕ್ಕೆ ಏನು ಸೇರಿಸುತ್ತೇವೆ ಎನ್ನುವುದರ ಮೇಲೆ ಯಾವ ಅಲೆ ಎಂಬುದು ತೀರ್ಮಾನವಾಗುತ್ತದೆ. ಆಕ್ಟಿವಿನ್ ಸಂಕೇತ ಮುಂದುವರಿದರೆ ಹಳದಿ ಚೀಲದ ದಾರಿ. ಅದೇ ಹೊತ್ತಿಗೆ ಆಕ್ಟಿವಿನ್ ಸಂಕೇತವನ್ನು ಎಸ್‌ಬಿ-431542 ಎಂಬ ರಾಸಾಯನಿಕ ಹಾಕಿ ತಡೆದು, 3 ಮೈಕ್ರೋಮೋಲಾರ್ ಸಿಎಚ್‌ಐಆರ್-99021 ಹಾಕಿ ವಿಂಟ್ ಸಂಕೇತವನ್ನು ಎಬ್ಬಿಸಿದರೆ ಮಹಾಧಮನಿಯ ದಾರಿ. ಈ ಕವಲುದಾರಿಯನ್ನು 2014ರಲ್ಲಿ ವಿಜ್ಞಾನಿಗಳಾದ ಸ್ಟರ್ಜನ್, ಕೆಲ್ಲರ್ ಮತ್ತು ಜೊತೆಯವರು ಸ್ಪಷ್ಟಪಡಿಸಿದರು. ಮೂರನೇ ದಿನ ಕೋಶದ ಮೇಲ್ಮೈಯಲ್ಲಿ ಕೆಡಿಆರ್ ಎಂಬ ಗುರುತಿನ ಪ್ರೋಟೀನಿನ ಜೊತೆಗೆ ಸಿಡಿ235ಎ ಇದ್ದರೆ ಹಳದಿ ಚೀಲದ್ದು, ಕೆಡಿಆರ್ ಮಾತ್ರ ಇದ್ದರೆ ಮಹಾಧಮನಿಯದ್ದು. ಈ ಪರೀಕ್ಷೆ ಮಾಡದೆ ಒಂದು ತಿಂಗಳು ಕಾದು, ಕೊನೆಗೆ ಟಿ ಕೋಶ ಬರಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಆಮೇಲೆ ವಿಇಜಿಎಫ್, ಎಸ್‌ಸಿಎಫ್ ಮುಂತಾದ ಬೆಳವಣಿಗೆಯ ಪ್ರೋಟೀನುಗಳು. ಎಂಟನೇ ದಿನದ ಹೊತ್ತಿಗೆ ಸಿಡಿ34 ಇರುವ, ಸಿಡಿ43 ಇನ್ನೂ ಬಾರದ ಕೋಶಗಳನ್ನು ಆರಿಸಿ ಬೇರೆ ತಟ್ಟೆಗೆ ಹಾಕುತ್ತಾರೆ. ಈ ಹಂತದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು ಸಾರ್ಥಕ: ಕಲ್ಲುಹಾಸಿನ ಹಾಗೆ ಒತ್ತಾಗಿ ಅಂಟಿದ ಕೋಶಗಳ ನಡುವಿನಿಂದ ಹೊಳೆಯುವ ದುಂಡು ಕೋಶಗಳು ಒಂದೊಂದಾಗಿ ಮೇಲೇಳುತ್ತವೆ, ತಟ್ಟೆ ಮೆಲ್ಲನೆ ಅಲುಗಿಸಿದರೆ ತೇಲುತ್ತವೆ. ಮಹಾಧಮನಿಯಲ್ಲಿ ಆಗುವುದೂ ಇದೇ. ಮೊದಲು ಸಿಡಿ43 ಮೂಡುತ್ತದೆ, ನಂತರ ಬಿಳಿ ರಕ್ತಕಣಗಳಿಗೆಲ್ಲ ಸಾಮಾನ್ಯವಾದ ಸಿಡಿ45.

ಎಲ್ಲಕ್ಕಿಂತ ಸುಲಭವಾಗಿ ಸಿಗುವ ರೋಗನಿರೋಧಕ ಕೋಶ ಮ್ಯಾಕ್ರೋಫೇಜ್. ಹೊಸದಾಗಿ ಕಲಿಯುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ತಟ್ಟೆಯಲ್ಲಿ 300 ಸಣ್ಣ ಗುಣಿಗಳಿರುವ ಒಂದು ಬಾವಿಗೆ (ಕುಳಿಗೆ) 30ರಿಂದ 40 ಲಕ್ಷ ಬಿಡಿಕೋಶ ಹಾಕಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ 100 ಜಿ ಬಲದಲ್ಲಿ ಮೂರು ನಿಮಿಷ ತಿರುಗಿಸಿದರೆ ಪ್ರತಿ ಗುಣಿಯಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಕೋಶ ಸೇರಿ ಒಂದೇ ಅಳತೆಯ ಉಂಡೆ ಕಟ್ಟುತ್ತದೆ. ಮಾಧ್ಯಮದಲ್ಲಿ ಪ್ರತಿ ಮಿ.ಲೀ.ಗೆ ಬಿಎಂಪಿ4 50 ನ್ಯಾನೊಗ್ರಾಂ, ವಿಇಜಿಎಫ್ 50, ಎಸ್‌ಸಿಎಫ್ 20. ದಿನವೂ ಮುಕ್ಕಾಲು ಪಾಲು ಮಾಧ್ಯಮ ಬದಲಿಸಬೇಕು, ಪಿಪೆಟ್ಟನ್ನು ಬಾವಿಯ ಗೋಡೆಗೆ ತಾಗಿಸಿ ನಿಧಾನವಾಗಿ; ರಭಸವಾಗಿ ಸುರಿದರೆ ಉಂಡೆಗಳು ಗುಣಿಯಿಂದೆದ್ದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ ದೊಡ್ಡ ಉಂಡೆಯ ಒಡಲಿಗೆ ಆಮ್ಲಜನಕ ಮುಟ್ಟುವುದಿಲ್ಲ, ನಡುವೆ ಕಪ್ಪಾಗಿ ಸಾಯುತ್ತದೆ. ನಾಲ್ಕರಿಂದ ಆರು ದಿನದ ಬಳಿಕ ಸುಮಾರು 150 ಉಂಡೆಗಳನ್ನು ಒಂದು ಟಿ-175 ಫ್ಲಾಸ್ಕಿಗೆ ವರ್ಗಾಯಿಸಿ, ಎಕ್ಸ್-ವಿವೊ 15 ಮಾಧ್ಯಮದಲ್ಲಿ ಪ್ರತಿ ಮಿ.ಲೀ.ಗೆ ಎಂ-ಸಿಎಸ್‌ಎಫ್ 100 ನ್ಯಾನೊಗ್ರಾಂ, ಐಎಲ್-3 25 ನ್ಯಾನೊಗ್ರಾಂ ಹಾಕಿ ಇಡಬೇಕು. 20 ಮಿ.ಲೀ. ಮಾಧ್ಯಮಕ್ಕೆ ಎಂ-ಸಿಎಸ್‌ಎಫ್ ಒಂದೇ 2 ಮೈಕ್ರೋಗ್ರಾಂ ಬೇಕು. ಈ ಕೆಲಸದ ಖರ್ಚಿನ ಬಹುಪಾಲು ಹೋಗುವುದು ಇಂಥ ಪ್ರೋಟೀನುಗಳಿಗೇ.

ಎರಡು ಮೂರು ವಾರ ಏನೂ ಆಗದಂತೆ ಕಾಣುತ್ತದೆ. ಉಂಡೆಗಳು ತಳಕ್ಕೆ ಅಂಟಿ ಸುತ್ತ ಹಾಸು ಬಿಡುತ್ತವೆ, ಒಳಗೆ ಗುಳ್ಳೆಗಳಂಥ ಚೀಲಗಳು ಏಳುತ್ತವೆ. ಇಲ್ಲಿ ತಾಳ್ಮೆಗೆಟ್ಟು ಫ್ಲಾಸ್ಕ್ ಎಸೆಯಬಾರದು. ಆಮೇಲೆ ಮ್ಯಾಕ್ರೋಫೇಜ್ ಆಗಲಿರುವ ಮೋನೊಸೈಟ್‌ಗಳು ಮಾಧ್ಯಮಕ್ಕೆ ಉದುರತೊಡಗುತ್ತವೆ. ವಾರಕ್ಕೊಮ್ಮೆ ಕೊಯ್ದು, ತೆಗೆದಷ್ಟು ಮಾಧ್ಯಮ ತುಂಬಿದರೆ ಕೆಲವು ತಿಂಗಳು ಕೊಡುತ್ತಲೇ ಇರುತ್ತವೆ. ಮೊದಲ ಒಂದೆರಡು ಕೊಯ್ಲಿನಲ್ಲಿ ಬೇರೆ ಕೋಶಗಳು ಬೆರೆತಿರುವುದರಿಂದ ಅವನ್ನು ಪ್ರಯೋಗಕ್ಕೆ ಬಳಸದಿರುವುದು ಮೇಲು. ಕೊಯ್ದದ್ದನ್ನು ಎಂ-ಸಿಎಸ್‌ಎಫ್ ಒಂದರಲ್ಲೇ ಏಳು ದಿನ ಇಟ್ಟರೆ ತಳಕ್ಕಂಟಿ ಹರಡಿದ ಮ್ಯಾಕ್ರೋಫೇಜ್. ಸಿಡಿ14, ಸಿಡಿ45 ಕಂಡರಷ್ಟೇ ಸಾಲದು, ಯೀಸ್ಟ್ ಕಣ ಕೊಟ್ಟಾಗ ನುಂಗಬೇಕು, ಎಲ್‌ಪಿಎಸ್ ಎಂಬ ಬ್ಯಾಕ್ಟೀರಿಯಾದ ಹೊರಪದರದ ವಸ್ತು ಕೊಟ್ಟಾಗ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನು ಸ್ರವಿಸಬೇಕು.

ಇವು ಯಾವ ಅಲೆಯವು? ಮಹಾಧಮನಿಯ ಕಾಂಡಕೋಶಕ್ಕೆ ಎಂವೈಬಿ ಜೀನ್ ಇಲ್ಲದೆ ಬಾಳಿಲ್ಲ, ಹಳದಿ ಚೀಲದ ಮ್ಯಾಕ್ರೋಫೇಜ್‌ಗೆ ಅದರ ಹಂಗಿಲ್ಲ. ಆಕ್ಸ್‌ಫರ್ಡಿನ ತಂಡ ಎಂವೈಬಿ ಕಿತ್ತುಹಾಕಿದ ಐಪಿಎಸ್ ಕೋಶದಿಂದಲೂ ಮ್ಯಾಕ್ರೋಫೇಜ್ ಬರುವುದನ್ನು 2017ರಲ್ಲಿ ತೋರಿಸಿತು. ಅಂದರೆ ಈ ಫ್ಲಾಸ್ಕ್ ಮಾಡುತ್ತಿರುವುದು ಹಳದಿ ಚೀಲದ ಕೆಲಸ. ಮೈಕ್ರೋಗ್ಲಿಯಾ ಕುರಿತು ಸಂಶೋಧಿಸುವವರಿಗೆ ಅದೇ ವರ. ದೊಡ್ಡವರ ರಕ್ತದ ಮೋನೊಸೈಟ್‌ಗೆ ಬದಲಿಯೆಂದು ಬಳಸುವವರು ಎಚ್ಚರವಾಗಿರಬೇಕು.

ಸೋಂಕು ತಗುಲಿದ, ಕ್ಯಾನ್ಸರ್ ಹಿಡಿದ ಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಕ್ಕೆ ಉಂಡೆ ಕಟ್ಟುವುದು ಚಿಕ್ಕ ಅಳತೆಯಲ್ಲಿ, 96 ಬಾವಿಗಳ ದುಂಡುತಳದ ತಟ್ಟೆಯಲ್ಲಿ ಬಾವಿಗೆ ಸುಮಾರು 3,000 ಕೋಶ. ಆಮೇಲೆ ಐಎಲ್-7, ಐಎಲ್-15, ಎಸ್‌ಸಿಎಫ್, ಎಫ್‌ಎಲ್‌ಟಿ3ಎಲ್ ಕೊಟ್ಟು ನಾಲ್ಕು ವಾರ. ಐಎಲ್-3 ಮೊದಲ ವಾರ ಮಾತ್ರ. ಇಂಥ ಕೋಶಗಳು 2019ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ರೋಗಿಗಳ ಮೇಲಿನ ಪ್ರಯೋಗಕ್ಕೆ ಬಂದವು.

ಟಿ ಕೋಶದ್ದು ಬೇರೆಯೇ ಕಥೆ, ಅದು ಬಲಿಯಲು ಥೈಮಸ್ ಗ್ರಂಥಿ ಬೇಕು. ಎಳೆಕೋಳಿಯನ್ನು ಹಸನು ಮಾಡುವಾಗ ಕುತ್ತಿಗೆಯ ಎರಡೂ ಬದಿ, ರಕ್ತನಾಳದ ಗುಂಟ ಸಾಲಾಗಿ ಮಾಸಲು ಬಣ್ಣದ ಮೆತ್ತನೆ ತುಣುಕುಗಳು ಸಿಗುತ್ತವೆ, ಬಹಳ ಜನ ಕೊಬ್ಬೆಂದು ಕಿತ್ತೆಸೆಯುತ್ತಾರೆ. ಅದೇ ಕೋಳಿಯ ಥೈಮಸ್. ಬಾಲದ ಬುಡದಲ್ಲಿ, ಮಲದ್ವಾರದ ಮೇಲ್ಬದಿಗೆ ಇರುವ ಸಣ್ಣ ಚೀಲ ಬರ್ಸಾ. ಕೋಳಿಯ ಬಿ ಕೋಶ ಬಲಿಯುವುದು ಅಲ್ಲಿ. ಮನುಷ್ಯರಿಗೆ ಬರ್ಸಾ ಇಲ್ಲ, ಆ ಕೆಲಸವನ್ನು ಅಸ್ಥಿಮಜ್ಜೆಯೇ ಮಾಡುತ್ತದೆ. ನಮ್ಮ ಥೈಮಸ್ ಎದೆಮೂಳೆಯ ಹಿಂದಿದೆ, ಪ್ರಾಯ ಕಳೆದಂತೆ ಕುಗ್ಗುತ್ತದೆ.

ಥೈಮಸ್‌ನೊಳಗೆ ಬಂದ ಕೋಶಕ್ಕೆ ಅಲ್ಲಿನ ಗೋಡೆಕೋಶಗಳ ಮೇಲಿರುವ ಡಿಎಲ್‌ಎಲ್4 ತಾಗುತ್ತದೆ, ಕೋಶದ ನಾಚ್ ಸಂಕೇತ ಎಚ್ಚರಗೊಳ್ಳುತ್ತದೆ. ಆ ಸ್ಪರ್ಶವಿಲ್ಲದಿದ್ದರೆ ಟಿ ಕೋಶವಿಲ್ಲ. ಆಮೇಲೆ ರಾಗ್1, ರಾಗ್2 ಎಂಬ ಕತ್ತರಿಗಳು ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸಿ ಪ್ರತಿ ಕೋಶಕ್ಕೂ ಬೇರೆ ಗ್ರಾಹಕ (ಅನ್ಯವಸ್ತುವನ್ನು ಗುರುತಿಸುವ ಕೊಂಡಿ) ಕಟ್ಟುತ್ತವೆ. ಆ ಗ್ರಾಹಕ ನಮ್ಮ ಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತನ್ನು ಹಿಡಿಯಲಾರದ್ದಾದರೆ ಕೋಶ ಸಾಯುತ್ತದೆ, ಸ್ವಂತ ಮೈಗೇ ತೀವ್ರವಾಗಿ ಅಂಟುವಂಥದ್ದಾದರೂ ಸಾಯುತ್ತದೆ. ಪಾಸಾಗಿ ಹೊರಬರುವುದು ನೂರಕ್ಕೆ ಐದಕ್ಕಿಂತ ಕಡಿಮೆ.

ಇದನ್ನು ತಟ್ಟೆಗೆ ತಂದದ್ದು 2002ರಲ್ಲಿ ಟೊರಾಂಟೊದ ಶ್ಮಿಟ್ ಮತ್ತು ಝುನಿಗಾ-ಫ್ಲುಕರ್: ಇಲಿಯ ಓಪಿ9 ಎಂಬ ಆಸರೆಕೋಶಕ್ಕೆ ನಾಚ್ ಎಬ್ಬಿಸುವ ಡಿಎಲ್‌ಎಲ್1 ಜೀನ್ ಸೇರಿಸಿದರು. ಇಂದಿಗೂ ಕ್ರಮ ಹೆಚ್ಚುಕಡಿಮೆ ಅದೇ. ರಕ್ತದ ಪೂರ್ವಜ ಕೋಶಗಳನ್ನು ಓಪಿ9 ಹಾಸಿನ ಮೇಲೆ ಬಿಟ್ಟು, ಪ್ರತಿ ಮಿ.ಲೀ.ಗೆ 5 ನ್ಯಾನೊಗ್ರಾಂನಂತೆ ಐಎಲ್-7, ಎಫ್‌ಎಲ್‌ಟಿ3ಎಲ್ ಕೊಟ್ಟು, ನಾಲ್ಕೈದು ದಿನಕ್ಕೊಮ್ಮೆ 40 ಮೈಕ್ರಾನ್ ಜರಡಿಯಲ್ಲಿ ಸೋಸಿ ಹೊಸ ಹಾಸಿನ ಮೇಲಕ್ಕೆ ವರ್ಗಾಯಿಸಬೇಕು. ಮೊದಲು ಸಿಡಿ7, ಸಿಡಿ5, ಆಮೇಲೆ ಸಿಡಿ4, ಸಿಡಿ8 ಎರಡೂ ಕಾಣಬೇಕು. ಓಪಿ9 ವಿಪರೀತ ದಟ್ಟವಾಗಲು ಬಿಟ್ಟರೆ ಕೊಬ್ಬಿನ ಹನಿ ತುಂಬಿದ ಕೋಶಗಳಾಗಿಬಿಡುತ್ತವೆ, ಮತ್ತೆ ಅವುಗಳಿಂದ ಪ್ರಯೋಜನವಿಲ್ಲ. ಇನ್ನು, ಹಳದಿ ಚೀಲದ ದಾರಿಯಲ್ಲಿ ಬಂದ ಪೂರ್ವಜರನ್ನು ಎಷ್ಟೇ ಒಳ್ಳೆಯ ಹಾಸಿನ ಮೇಲೆ ಬಿಟ್ಟರೂ ಸರಿಯಾದ ಟಿ ಕೋಶ ಸಿಗದು. ಎರಡನೇ ದಿನದ ತಪ್ಪು ಮೂವತ್ತನೇ ದಿನ ಬೆಳಕಿಗೆ ಬರುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ನಿಜವಾದ ರಕ್ತ ಕಾಂಡಕೋಶ. ಅದಕ್ಕೆ ಮೇಲ್ಮೈ ಗುರುತು ಸಾಕ್ಷಿಯಾಗದು. ಮಜ್ಜೆ ಬರಿದಾದ ಇಲಿಗೆ ಚುಚ್ಚಿ ನಾಲ್ಕು ತಿಂಗಳಾದರೂ ಎಲ್ಲ ಬಗೆಯ ರಕ್ತಕೋಶ ಬರುತ್ತಿರಬೇಕು. ತಟ್ಟೆಯ ಕೋಶಗಳು ಇದರಲ್ಲಿ ಸೋಲುತ್ತಲೇ ಬಂದವು. ಒಂದು ಕಾರಣ ಎಚ್‌ಒಎಕ್ಸ್‌ಎ ಗುಂಪಿನ ಜೀನುಗಳು ಸಾಕಷ್ಟು ಎಚ್ಚರಗೊಳ್ಳದಿರುವುದು. 2017ರಲ್ಲಿ ಬೋಸ್ಟನ್ನಿನ ಡೇಲಿ ತಂಡ ಏಳು ಜೀನುಗಳನ್ನು ಹೊರಗಿನಿಂದ ತೂರಿಸಿ ಗೆದ್ದಿತು, ಆದರೆ ಜೀನ್ ತೂರಿಸಿದ ಕೋಶವನ್ನು ರೋಗಿಗೆ ಕೊಡುವುದು ಸುಲಭವಲ್ಲ. 2024ರಲ್ಲಿ ಮೆಲ್ಬರ್ನಿನ ತಂಡ ಜೀನ್ ಮುಟ್ಟದೆ, ಸರಿಯಾದ ಹೊತ್ತಿಗೆ ವಿಟಮಿನ್ ಎ ಬಗೆಯ ರೆಟಿನೈಲ್ ಅಸಿಟೇಟ್ ಕೊಟ್ಟು, ಇಲಿಗಳಲ್ಲಿ ದೀರ್ಘಕಾಲ ನೆಲೆನಿಲ್ಲುವ ಬಹುವಂಶದ ಕೋಶಗಳನ್ನು ಪಡೆಯಿತು. ಕಸಿ ಹತ್ತಿದ್ದು ಕಾಲುಭಾಗದಿಂದ ಅರ್ಧದಷ್ಟು ಇಲಿಗಳಲ್ಲಿ. ಇಷ್ಟು ವರ್ಷದ ಶ್ರಮಕ್ಕೆ ಇದು ದೊಡ್ಡ ಫಲವೇ.

ಮಡಿಕೇರಿಯಂಥ ಜಾಗದಲ್ಲಿ ಈ ಬಗೆಯ ಪ್ರಯೋಗಾಲಯ ನಡೆಸುವವರು ಗಮನಿಸಬೇಕಾದದ್ದು ಕೆಲವಿವೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೂರಕ್ಕೆ 13ರಷ್ಟು ಕಡಿಮೆ. ಇನ್‌ಕ್ಯುಬೇಟರಿನಲ್ಲಿ ಶೇ 5 ಇಂಗಾಲದ ಡೈಆಕ್ಸೈಡ್ ಎಂದು ಕಂಡರೂ ಅದರ ಭಾಗಶಃ ಒತ್ತಡ ಮಂಗಳೂರಿನ ಶೇ 4.4ಕ್ಕೆ ಸಮ. ಬೈಕಾರ್ಬನೇಟ್ ಮಾಧ್ಯಮದ ಪಿಎಚ್ ಇದರಿಂದ 0.06ರಷ್ಟು ಏರುತ್ತದೆ, ಶೇ 5.7ಕ್ಕೆ ಹೊಂದಿಸಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಬೂಷ್ಟು ದೊಡ್ಡ ಶತ್ರು. ರಟ್ಟಿನ ಪೆಟ್ಟಿಗೆ ಕೋಣೆಯೊಳಗೆ ತರಲೇಬಾರದು, ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಬೇಕು. ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಬೂಷ್ಟಿಗೆ ನಾಟದು. ಕೋಶಭಿತ್ತಿಯೇ ಇಲ್ಲದ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಮೇಲೂ ಪೆನಿಸಿಲಿನ್ ಕೆಲಸ ಮಾಡದು, ಅದಕ್ಕೆ ತಿಂಗಳಿಗೊಮ್ಮೆ ಪಿಸಿಆರ್ ಪರೀಕ್ಷೆಯೇ ಗತಿ. ಮರ ಬಿದ್ದು ಕರೆಂಟ್ ಹೋದರೆ ಮೊದಲು ಇನ್‌ಕ್ಯುಬೇಟರ್ ಬಾಗಿಲು ತೆರೆಯದಿರಬೇಕು, ಯುಪಿಎಸ್ ಜೊತೆಗೆ ಜನರೇಟರ್ ಬೇಕು. ಹೆಪ್ಪುಗಟ್ಟಿಸಿದ ಸಾಲುಗಳನ್ನು ಮೈನಸ್ 80ರ ಫ್ರೀಜರಿನಲ್ಲಿ ವಾರಗಟ್ಟಲೆ ಬಿಡಬಾರದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಕರೆಂಟಿನ ಅಗತ್ಯವಿಲ್ಲ, ಆದರೆ ಘಟ್ಟದ ರಸ್ತೆ ಕಟ್ಟಿಕೊಳ್ಳುವ ಮುನ್ನ ತುಂಬಿಸಿಡಬೇಕು.

ರೋಗಿಗಳಿಗೆ ಇದರಿಂದ ಈಗ ಏನು ಸಿಗುತ್ತದೆ? 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಎಂಬ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವುದು ರೋಗಿಯದೇ ಟಿ ಕೋಶ, ಕಾಂಡಕೋಶದಿಂದ ಬೆಳೆಸಿದ್ದಲ್ಲ. ಅದೇ 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದ ತಪಾಸಣೆಯಿಂದ ಆದಿವಾಸಿ ಹಾಡಿಗಳಲ್ಲಿ ಹೆಸರು ಪರಿಚಿತವಾಗುತ್ತಿರುವ ಸಿಕಲ್ ಸೆಲ್ ಕಾಯಿಲೆಗೆ ರಕ್ತ ಕಾಂಡಕೋಶದ ಕಸಿ ಪರಿಹಾರ ಹೌದು, ಆದರೆ ಆ ಕೋಶ ಸಾಮಾನ್ಯವಾಗಿ ಬರಬೇಕಾದದ್ದು ದಾನಿಯಿಂದ. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ತಲಾ ನಾಲ್ಕರಲ್ಲೊಂದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ ಮಾನವ ಭ್ರೂಣವನ್ನು 14 ದಿನ ಮೀರಿ ಪ್ರಯೋಗಾಲಯದಲ್ಲಿ ಬೆಳೆಸುವಂತಿಲ್ಲ. ಅದೇ ಮಾರ್ಗಸೂಚಿ ಚಿಕಿತ್ಸೆಯೆಂದು ಒಪ್ಪಿರುವುದು ನಿಗದಿತ ಕಾಯಿಲೆಗಳಿಗೆ ಮಾಡುವ ರಕ್ತ ಕಾಂಡಕೋಶದ ಕಸಿಯೊಂದನ್ನೇ. ಮಿಕ್ಕಿದ್ದೆಲ್ಲ ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನೊಳಗೇ ನಡೆಯಬೇಕು. ಯಾರಾದರೂ ಭ್ರೂಣ ಕಾಂಡಕೋಶದ ಇಂಜೆಕ್ಷನ್ ಕೊಡುತ್ತೇವೆಂದರೆ ಮೊದಲು ಕೇಳಬೇಕಾದದ್ದು ಸಿಟಿಆರ್‌ಐ, ಅಂದರೆ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯ ನೋಂದಣಿ ಸಂಖ್ಯೆ. ಆ ಸಂಖ್ಯೆಯನ್ನು ಸಿಟಿಆರ್‌ಐ ಜಾಲತಾಣದಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಯಾವ ಕಾಯಿಲೆಗೆ, ಯಾವ ಆಸ್ಪತ್ರೆಯಲ್ಲಿ, ಯಾವ ಹಂತದ ಪ್ರಯೋಗ ಎಂಬುದು ಅಲ್ಲಿ ಬರೆದಿರುತ್ತದೆ.